ಅರವಟ್ಟಿಗೆಯ ಯಜಮಾನನ ಬಾಯಾರಿಕೆ

ಗುಂಡ್ಲುಪೇಟೆ
೮-೫-೧೯೫೫

ಚಿ. ಸೌ. ಗಂಗಾಂಬಿಕೆಗೆ ಪುಟ್ಟಬಸಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಮುಕ್ಕಾಲು ಕ್ಷೇಮ ಎಂದುಕೋ. ಕಾಗದ ತಡವಾಯಿತೆಂದು ಕೋಪ ಬೇಡ, ಇರುವ ಕೋಪವೇ ಸಾಕು. ನೀನು ಚಾಮರಾಜನಗರದ ತವರಿಗೆ ಹೋಗಿ ಎಂಟು ದಿನವಾಯಿತು. ಯಾವಾಗ ಬರುತ್ತೀ ಎಂದು ಒಂದು ಸಾಲೂ ಇಲ್ಲ.

ಬಿಸಿಲು ಹೇಳತೀರದು. ಅಂಗಡಿ ಮುಂದಿನ ಅರವಟ್ಟಿಗೆ ಮಾತ್ರ ನಿಲ್ಲಿಸಿಲ್ಲ. ಬಸ್ಸಿನವರಿಗೆಲ್ಲ ಮಜ್ಜಿಗೆ ಕೊಟ್ಟು, "ನೆತ್ತಿಗೆ ಹರಳೆಣ್ಣೆ ಹಚ್ಚಿಕೊಳ್ಳಿ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ, ಮಟಮಟ ಮಧ್ಯಾಹ್ನ ತಿರುಗಬೇಡಿ" ಎಂದು ಉಪದೇಶವನ್ನೂ ಕೊಡುತ್ತೇನೆ. ಎಲ್ಲ ನೀನು ನನಗೆ ಹೇಳುತ್ತಿದ್ದದ್ದೇ.

ಪಕ್ಕದ ದರ್ಜಿ ಅಮೀರ್ ಜಾನ್‌ಗೆ ರಂಜಾನ್ ಉಪವಾಸ. ಅವನೆದುರು ಗಟಗಟ ಕುಡಿಯುವುದು ಹೇಗೆ? ನೀನು ಹೋದ ಮರುದಿನದಿಂದ ಹಗಲು ನಾನೂ ಬಿಟ್ಟೆ.

"ರೋಜಾ ನಂದು ಬಸಪ್ಪಣ್ಣ, ನಿಮ್ದಲ್ಲ. ನಾನು ನೆರಳಲ್ಲಿ ಕೂತಿವ್ನಿ, ನೀವು ಬಿಸಿಲಲ್ಲಿ ಕುಣೀತಿದ್ದೀರಿ. ಕುಡೀರಿ" ಎಂದ.

"ನಿನಗಿಂತ ನಾನೇನು ಕಮ್ಮಿಯೇನಯ್ಯಾ?" ಎಂದೆ. ಅವನು ಬೆಳಗಿನ ಜಾವ ಎದ್ದು ಹೊಟ್ಟೆ ತುಂಬ ಉಂಡು ಕುಡಿದು ಕೂರುತ್ತಾನೆಂಬುದು ಮರೆತೇಹೋಗಿತ್ತು.

ಐದನೆಯ ದಿನ ಮಧ್ಯಾಹ್ನ ಬಸ್ಸು ಬಂತು. ಮಜ್ಜಿಗೆ ಎತ್ತಿ ಕೊಡುತ್ತಿದ್ದವನು ಹಾಗೇ ಕುಸಿದೆ. ಅಮೀರ್ ಜಾನ್ ನನ್ನನ್ನು ಹೊಂಗೆ ಮರದ ನೆರಳಿಗೆ ಎಳೆದು, ಹೊಲಿಯಲು ಇಟ್ಟಿದ್ದ ಬಿಳಿ ಬಟ್ಟೆಯನ್ನು ನೀರಲ್ಲಿ ಅದ್ದಿ ಮೈತುಂಬ ಹೊದಿಸಿ ಗಾಳಿ ಬೀಸತೊಡಗಿದ. ಬಸ್ಸಿಳಿದ ಬೇಗೂರಿನ ಮುದುಕಿ ಮಂಚಮ್ಮ ಅದನ್ನು ಕಂಡವಳೇ ಎದೆ ಬಡಿದುಕೊಂಡು ರಾಗ ತೆಗೆದಳು.

"ಉಪ್ಪಿಲ್ದಿದ್ರೂ ಮಜ್ಗೆ ಕೊಡ್ತಿದ್ಯಲ್ಲಪ್ಪೋ! ನೀರೇ ಎಚ್ಚಾಗಿದ್ರೂ ಲೋಟ ತುಂಬುಸ್ತಿದ್ಯಲ್ಲಪ್ಪೋ! ಎಂಡ್ರು ಮೊಕನೂ ನೋಡ್ದೆ ಓಗ್ಬುಟ್ಯಲ್ಲಪ್ಪೋ!"

ಉಪ್ಪಿನ ಮಾತಿಗೇ ಎಚ್ಚರವಾಗಿತ್ತು, ನಾಲಿಗೆ ಏಳಲಿಲ್ಲ. ಕೊನೆಯ ಮಾತಿಗೆ ಕಣ್ಣು ಬಿಟ್ಟು, "ಉಪ್ಪು ಹಾಕೇ ಇದೀನಿ ಕಣವ್ವ" ಎಂದೆ. ಮುದುಕಿ ಕಿಟ್ಟನೆ ಕಿರುಚಿ ಇಳಿದ ಬಸ್ಸನ್ನೇ ಮತ್ತೆ ಹತ್ತಿದಳು. ಅವಳು ಈಗ ಎಲ್ಲಿದ್ದಾಳೋ ಶಿವನೇ ಬಲ್ಲ.

ಅಮೀರ್ ಜಾನ್ ಗುಟುಕು ಗುಟುಕಾಗಿ ಮಜ್ಜಿಗೆ ಕುಡಿಸುತ್ತ, "ನನ್ನ ರೋಜಾ ಸಂಜೆಗೆ ಮುಗೀತದೆ. ನಿಮ್ದು ಯಾವಾಗ ಮುಗೀತದೆ ಬಸಪ್ಪಣ್ಣ?" ಎಂದ.

ಹೊರಗೆ ಕಾಲಿಡಕೂಡದೆಂದು ಡಾಕ್ಟರ ಅಪ್ಪಣೆ. ಒದ್ದೆ ಪಂಚೆ ಹೊದ್ದು, ಉಪ್ಪುಗಂಜಿ ಕುಡಿಯುತ್ತ ಒಳಗಿದ್ದೇನೆ. ಅರವಟ್ಟಿಗೆಯಲ್ಲಿ ಅಮೀರ್ ಜಾನ್ ಕೂತು, ತಾನು ಹನಿ ಮುಟ್ಟದೆ ಊರಿಗೆಲ್ಲ ಕೊಡುತ್ತಿದ್ದಾನೆ.

ಅತ್ತೆ ಮಾವಂದಿರಿಗೆ ನನ್ನ ಶರಣು. ನೀನು ನೂರ್ಕಾಲ ತಂಪಾಗಿರು. ಬರುವುದಾದರೆ ಬಿಸಿಲೇರುವ ಮುಂಚಿನ ಬಸ್ಸಿಗೇ ಬಾ.

ಇಂತಿ ನಿನ್ನ
ಪುಟ್ಟಬಸಪ್ಪ

ಮತ್ತೆ: ಪಾಪ, ಅಮೀರ್ ಜಾನನ ರೋಜಾವನ್ನು ನೆಪ ಮಾಡಿಕೊಂಡೆ. ನೀನು ಹೊರಟ ದಿನ ಮಜ್ಜಿಗೆ ಲೋಟ ಹಿಡಿದು ಬಂದು "ಬಿಸಿಲಿಗೆ ಹೋಗ್ಬೇಡಿ, ಇದನ್ನ ಕುಡೀರಿ" ಎಂದಾಗ ಗಿರಾಕಿಗಳು ನಕ್ಕರು. ಆ ಸಿಟ್ಟಿಗೆ, ಹುಳಿ ಎಂದು ಎಲ್ಲರೆದುರು ಬೀದಿಗೆ ಚೆಲ್ಲಿದೆ. ನೀನು ಲೋಟ ತೊಳೆದಿಟ್ಟು ಬಸ್ಸು ಹತ್ತಿದೆ. ಆಮೇಲೆ ನನಗೆ ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ. ಅದು ಹುಳಿಯಾಗಿರಲಿಲ್ಲ ಗಂಗಾ. ನಾನು ಅದನ್ನು ಬಾಯಿಗೇ ಇಟ್ಟಿರಲಿಲ್ಲ.