ಮೂರನೆಯ ಕಾಲಮಿನ ಉಸಿರು

ಕೋಲಾರದ ಹಳೇ ಗಣಿ, ಏಳನೇ ಪಾತಾಳ
ಫೆಬ್ರವರಿ 30, 2419

ಪ್ರೋಗ್ರಾಂ ಬರೆಯುವ ಪೂರ್ವಿಕರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ: ಎರಡು ದಿನದ ಕೆಲಸ ಉಳಿಸಲು ಹನ್ನೊಂದು ಮಕ್ಕಳು. ತಾರೀಖು ಕಂಡು ನಗಬೇಡಿ. ಸೂರ್ಯನನ್ನೇ ಕಾಣದ ನಮಗೆ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ಮೇಲಿನ ಬಿಸಿಲು ಬದುಕಗೊಡದಾದಾಗ ನಮ್ಮವರು ಗಣಿಗೆ ಇಳಿದರು. ಮೊಲೆ ಬಿಟ್ಟ ಮಗುವಿನಿಂದ ಹಿಡಿದು ಪ್ರತಿಯೊಬ್ಬರಿಗೂ ಇಲ್ಲೊಂದು ‘ಉಸಿರುಗೂಡು’, ಅಂದರೆ ದೂಳು ನುಗ್ಗದಂತೆ ಬಿಗಿದ ಪೆಟ್ಟಿಗೆ. ಮಧ್ಯಾಹ್ನ ಸುರಂಗ ಗುಡಿಸುವ ನಾಲ್ಕು ಗಂಟೆ ಅದರೊಳಗೇ ಮಲಗಬೇಕು. ಯಾವ ಗೂಡಿಗೆ ಎಷ್ಟು ಗಾಳಿ ಎಂಬುದನ್ನು ನಿಮ್ಮ ಕಾಲದ ಪ್ರೋಗ್ರಾಂ ಇಂದಿಗೂ ಡೇಟಾಬೇಸಿನಿಂದ ಕೇಳಿ ತಿಳಿದು ಅಷ್ಟೇ ಬಿಡುತ್ತದೆ. ತಲೆಗೊಂದು ಸಾಲು, ಸಾಲಿಗೆ ಮೂರು ಕಾಲಂ: ಗೂಡು, ಹೆಸರು, ಉಸಿರಳತೆ. ದೊಡ್ಡವರಿಗೆ ನಲವತ್ತು, ಮಕ್ಕಳಿಗೆ ಇಪ್ಪತ್ತು. ಅದರಲ್ಲಿ ಅರ್ಧ ಸಿಕ್ಕರೂ ಜೀವ ಹಿಡಿಯುತ್ತದೆ, ಅದಕ್ಕಿಂತ ಇಳಿದರೆ ಇಲ್ಲ.

ನಮ್ಮಲ್ಲಿ ಹೆಸರಿನ ಬೆನ್ನಿಗೇ ವಯಸ್ಸು ಹೇಳಬೇಕು. ಹೇಳದಿದ್ದರೆ ಹಿರಿಯರಿಗೆ ಅವಮಾನ. ದಾಖಲೆಯಲ್ಲೂ ಹಾಗೇ ಸೇರಲಿ ಎಂದು ಪಟ್ಟು ಹಿಡಿದವನು ನಾನು. ಸುರಂಗದ ಗೋಡೆಯ ಬೂಷ್ಟು ಕೆರೆಯುತ್ತಿದ್ದವನು, ಬರೀ ಬಾಯಿಮಾತಿನಿಂದ ಊರಿನ ಯಜಮಾನನಾದವನು.

ಯಂತ್ರ ನೋಡಿಕೊಳ್ಳುವ ಸಲೋಮಿ ತಲೆ ಚಚ್ಚಿಕೊಂಡಳು. “ತಾತ, ಈ ಮುದಿ ಪ್ರೋಗ್ರಾಮು ಹೆಸರು ಹಿಡಿದು ಕೇಳಲ್ಲ, ಎಣಿಸುತ್ತೆ. ಮೂರನೇದು ಏನಿದ್ರೂ ಉಸಿರು ಅಂತಲೇ ನಂಬುತ್ತೆ. ವಯಸ್ಸನ್ನ ಕೊನೇಲಾದ್ರೂ ಹಾಕು. ಇಲ್ಲಾ, ಎರಡು ದಿನ ಕೊಡು, ‘ಉಸಿರಳತೆ’ ಅಂತ ಹೆಸರಿಟ್ಟೇ ಕೇಳೋ ಹಂಗೆ ಮಾಡ್ತೀನಿ.”

“ನಾನೂರು ವರ್ಷ ತಪ್ಪದ್ದು ನಿನ್ನ ಕಾಲಕ್ಕೆ ತಪ್ಪುತ್ತೇನಮ್ಮ?” ಅಂದೆ. “ಉಸಿರು ದಂಡ ಮಾಡ್ಬೇಡ, ಸೇರಿಸು.”

ಸೇರಿಸಿದಳು. ಮೂರನೆಯ ಕಾಲಂ ವಯಸ್ಸಾಯಿತು. ಯಂತ್ರ ಚಕಾರವೆತ್ತಲಿಲ್ಲ; ಅದಕ್ಕೆ ಬೇಕಾದದ್ದು ಒಂದು ಸಂಖ್ಯೆ, ಸಿಕ್ಕಿತು. ಪರೀಕ್ಷೆಗೆಂದು ಮೊದಲು ಮಲಗಿದವನಿಗೆ ನಲವತ್ತೊಂದು ವರ್ಷ. ಎದ್ದು ಮೈಮುರಿದು “ಎಲ್ಲ ಸರಿಯಾಗೈತೆ” ಎಂದ. ಆಮೇಲೆ ಊರೆಲ್ಲ ಮಲಗಿತು.

ನಾಲ್ಕು ಗಂಟೆಯಾದ ಮೇಲೆ ಗೂಡುಗಳು ತೆರೆದವು. ಚಿಕ್ಕವು ತೆರೆದರೂ ಒಳಗಿಂದ ಯಾರೂ ಏಳಲಿಲ್ಲ.

ಇವತ್ತು ನೀವು ಎಲ್ಲೋ ಕುಳಿತು, ಕಾಲಮಿನ ಹೆಸರು ಬರೆಯಲು ಬೇಸರಪಟ್ಟು, ‘ಮೂರನೆಯದು ಕೊಡು’ ಎಂದು ಗೀಚುತ್ತಿದ್ದೀರಿ. ಯಾರ ಕೈಗೆ ಅದು ಸೇರುತ್ತದೋ ನಿಮಗೆ ತಿಳಿಯದು. ಬೇಡಿಕೊಳ್ಳುತ್ತೇನೆ, ಹೆಸರು ಹಿಡಿದು ಕೇಳಿ. ಆ ಹೆಸರಿನದು ಇಲ್ಲದಿದ್ದರೆ ಯಂತ್ರ ನಿಂತಾದರೂ ಹೋಗಲಿ, ಕಿರುಚಲಿ.

ಇನ್ನು ಬಂದ ಲೆಕ್ಕ. ಸಲೋಮಿಗೆ ಎರಡು ದಿನ ಬಿಡುವು. ಹಿರಿಯರಿಗೆ ಮರ್ಯಾದೆ. ನನಗೆ ಎಪ್ಪತ್ತೊಂದು ಅಳತೆ ಗಾಳಿ. ಜನ್ಮದಲ್ಲಿ ಅಂಥ ನಿದ್ದೆ ಮಾಡಿರಲಿಲ್ಲ. ನನ್ನ ಮೊಮ್ಮಗಳು ಕೆಂಪಿಗೆ, ಎರಡು.