ಹೂಜಿ, ಖಾನಾಪುರ

೧೧ ಜನವರಿ ೧೯೭೯, ಗುರುವಾರ

ಬೆಳಿಗ್ಗೆ ತಂತಿ ಲೈನಿನ ಟೆಸ್ಟ್. ಬೆಳಗಾವಿ ಸ್ಪಷ್ಟವಾಗಿ ಕೇಳಿಸಿತು. ಪೇಪರ್ ಬಂದಿರಲಿಲ್ಲ — ಬಸ್ಸು ತಡ. ಕೌಂಟರ್ ತೆರೆಯುವ ಮೊದಲೇ ಇಬ್ಬರು. ಕುಂಬಾರರ ಸಂಘದ ಅಧ್ಯಕ್ಷ ಈರಣ್ಣ, ಜೊತೆಗೆ ಶಿವಲಿಂಗವ್ವ. ಮಡಕೆ ಸುಡುವ ಆವಿಗೆಗೆ ಬೆಂಕಿ ಯಾವಾಗ ಎಂದು ಹೇಳುವವಳು ಆಕೆಯೇ.

“ಇಸ್ಮಾಯಿಲ ಸಾಹೇಬ್ರ, ಸಂಘಕ್ಕೊಂದು ತಾರಿನ ಹೆಸರು ಬೇಕ್ರಿ.”

ತಂತಿ ವಿಳಾಸ. ಅಂದರೆ ಆಫೀಸಿನಲ್ಲಿ ನೋಂದಾಯಿಸಿದ ಒಂದೇ ಒಂದು ಪದ. ಆ ಪದ, ಊರಿನ ಹೆಸರು — ಇಷ್ಟು ಬರೆದರೆ ತಂತಿ ನೇರ ಮನೆಗೆ. ಒಂದು ಆಫೀಸಿನಲ್ಲಿ ಒಂದು ಪದ ಒಬ್ಬರಿಗೆ ಮಾತ್ರ. ಖಾನಾಪುರದಲ್ಲಿ ಇದುವರೆಗೆ ಯಾರೂ ಕೇಳಿದವರಿಲ್ಲ.

ಯಾವ ಪದ? “ಹೂಜಿ” ಎಂದರು. ಬೆಳಗಾವಿಯಲ್ಲಿ ಆ ಪದ ಮಾರ್ತಾಂಡರಾಯರದು. ಈ ಕುಂಬಾರರ ಮಾಲು ಮಾರುತ್ತಲೇ ಬೆಳೆದ ವ್ಯಾಪಾರಿ. ಕಳೆದ ಬೇಸಿಗೆ ಗೋವೆಯ ಆರ್ಡರೆಲ್ಲ ‘ಹೂಜಿ, ಬೆಳಗಾವಿ’ಗೆ ಬಂತು. ರಾಯರು ಬೇರೆ ಕಡೆ ಮಾಡಿಸಿ ಕಳಿಸಿದರು. ಇವರ ಹೂಜಿಗಳು ಅಂಗಳದಲ್ಲೇ ಉಳಿದವು.

“ಈ ಬ್ಯಾಸಿಗಿನೂ ಹಂಗ ಆದ್ರ ಸಂಘ ಮುಚ್ಚೂದ ಸೈ,” ಎಂದ ಈರಣ್ಣ.

ನಿಯಮ ತೆಗೆದು ನೋಡಿದೆ. ಬೆಳಗಾವಿ ಬೇರೆ ಆಫೀಸು, ಖಾನಾಪುರ ಬೇರೆ. ಒಂದೇ ಪದ ಎರಡೂ ಕಡೆ ಇರಬಹುದು. ಅರ್ಜಿ ತೆಗೆದುಕೊಂಡು ಮೇಲಿನ ಕಚೇರಿಗೆ ಕಳಿಸಿದೆ. ಒಪ್ಪಿಗೆ ಬರುವವರೆಗೆ ಕಾಯಿರಿ ಎಂದೆ.

೧೬ ಜನವರಿ

ಮಾರ್ತಾಂಡರಾಯರು ಸ್ವತಃ ಬಂದರು. ಜೀಪು.

“ಏನ್ ಸಾಹೇಬ್ರ, ನನ್ನ ಹೆಸರು ಊರಿಗೆಲ್ಲಾ ಹಂಚಾಕ ಹತ್ತೀರಂತ?”

“ಕುಂದರ್ರಿ. ಬೆಳಗಾವ್ಯಾಗ ಹೂಜಿ ನಿಮ್ದ. ಯಾರೂ ಮುಟ್ಟಂಗಿಲ್ಲ.”

“ಖಾನಾಪುರ ಅಂದ್ರ ಏನ್ರಿ? ಬೆಳಗಾವಿ ಬಾಜೂಕಿನ ಒಂದು ಸ್ಟೇಷನ್. ಗೋವಾದವ್ರಿಗೆ ಎರಡೂ ಒಂದ.”

“ತಾರಿಗೆ ಒಂದಲ್ರೀ.”

“ನಿಮ್ಮ ಮ್ಯಾಲಿನವ್ರಿಗೆ ಬರೀತೀನಿ ನೋಡ್ರಿ.”

“ಖುಷೀಲೆ ಬರೀರಿ. ತಿಕೀಟು ಇಲ್ಲೇ ಸಿಗ್ತಾವ.”

ಅಂಚೆಚೀಟಿ ಕೊಂಡರು! ನಮ್ಮ ಕೌಂಟರಿನಲ್ಲೇ ಕೊಂಡು, ನಮ್ಮ ಡಬ್ಬಿಗೇ ಹಾಕಿ ಹೋದರು.

೨ ಫೆಬ್ರವರಿ, ಶುಕ್ರವಾರ

ಮೇಲಿನ ಕಚೇರಿಯ ಪತ್ರ. ಸೋಮವಾರ ಬೆಳಗಾವಿಗೆ ಬಂದು ವಿವರಣೆ ಕೊಡಬೇಕು.

ಸಂಜೆ ಕುಂಬಾರರ ಅಂಗಳಕ್ಕೆ ಹೋದೆ. ಆವಿಗೆ ಆಗತಾನೇ ಬಿಚ್ಚಿದ್ದರು. ಸಾಲುಸಾಲು ಕೆಂಪು ಹೂಜಿ. ಕೈಗೆತ್ತಿಕೊಂಡು ನೋಡಿದರೆ ಹೆಗಲ ಮೇಲೆ ಮುದ್ರೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಹೂಜಿ, ಖಾನಾಪುರ’. ಇನ್ನೊಂದು ಎತ್ತಿದೆ. ಅದರಲ್ಲೂ. ಎಲ್ಲದರಲ್ಲೂ...

“ಒಪ್ಪಿಗೆ ಬರೂತನಾ ಕಾಯ್ರಿ ಅಂದಿದ್ನೆಲ್ಲ ಈರಣ್ಣ!”

ಅವನು ಶಿವಲಿಂಗವ್ವನ ಮುಖ ನೋಡಿದ. ಆಕೆ ಬೂದಿ ಕೊಡವುತ್ತ ಅಂದಳು: “ಹಸಿ ಇದ್ದಾಗ ಒತ್ತಬೇಕ್ರಿ. ಸುಟ್ಟ ಮ್ಯಾಲ ಒತ್ತಾಕ ಬರ್ತೈತೇನ್ರಿ? ನಿಮ್ಮ ಕಾಗದ ಕಾಯ್ತೈತಿ. ಮಣ್ಣು ಕಾಯಂಗಿಲ್ಲ.”

ಬೇಸಿಗೆಯ ಮಾಲೆಲ್ಲ ಅದೇ. ಒಪ್ಪಿಗೆ ಸಿಗದಿದ್ದರೆ ಆ ವಿಳಾಸಕ್ಕೆ ಬಂದ ತಂತಿಯನ್ನು ಕೊಡುವಂತಿಲ್ಲ. ಸುಟ್ಟ ಅಕ್ಷರ ಅಳಿಸುವಂತಿಲ್ಲ. ಮುಂದಿನ ಆವಿಗೆಗಾದರೂ ‘ಗಡಿಗಿ’ ಎಂದಿಡಿ ಎಂದೆ.

“ಮಾಡವ್ರು ನಾವು. ಹೆಸರು ಬಿಡವ್ರೂ ನಾವೇನ್ರಿ?” ಎಂದಳು ಶಿವಲಿಂಗವ್ವ.

ಒಂದು ಹೂಜಿ ಕೇಳಿ ತಂದೆ.

೫ ಫೆಬ್ರವರಿ, ಸೋಮವಾರ

ಬೆಳಗಾವಿಗೆ ಹೋಗಿ ಬಂದೆ. ಮಾರ್ತಾಂಡರಾಯರು ಸದಾಶಿವನಗರದ ಮನೆಯಿಂದ ಮೊದಲೇ ಬಂದು ಮೇಲಿನ ಕಚೇರಿಯ ಸಾಹೇಬರೆದುರು ಕೂತಿದ್ದರು. ನನಗೆ ಕುರ್ಚಿ ಹೇಳಲಿಲ್ಲ. ನಿಂತೇ ಹೇಳಿದೆ.

ಪದ ರಾಯರದೂ ಅಲ್ಲ, ಕುಂಬಾರರದೂ ಅಲ್ಲ. ಇಲಾಖೆಯದು. ಇಲಾಖೆ ಅದನ್ನು ಆಯಾ ಆಫೀಸಿನ ಮಟ್ಟಿಗೆ, ವರ್ಷದ ಮಟ್ಟಿಗೆ ಬಳಸಲು ಕೊಡುತ್ತದೆ. ವಿಳಾಸದಲ್ಲಿ ಅರ್ಧ ಪದ, ಅರ್ಧ ಊರು.

ಸಾಹೇಬರು ಕೇಳಿದರು: “ಈ ಕುಂಬಾರರು ಊರಿನ ಹೆಸರು ಬಿಟ್ಟು ಬರೀ ಹೂಜಿ ಅಂತ ಪ್ರಚಾರ ಮಾಡಿದರೆ? ಗೊಂದಲ ಆಗೋದಿಲ್ಲವೇ?”

ಚೀಲದಿಂದ ಹೂಜಿ ತೆಗೆದು ಮೇಜಿನ ಮೇಲಿಟ್ಟೆ.

ರಾಯರು ಎದ್ದೇ ಬಿಟ್ಟರು. “ನೋಡ್ರಿ ಸಾಹೇಬ್ರ! ಒಪ್ಪಿಗೆ ಇಲ್ಲದ ಒತ್ತ್ಯಾರ!”

“ಒತ್ತಿದ್ದು ತಪ್ಪು ಸರ್. ಕಾಯಬೇಕಿತ್ತು. ಆದರೆ ಊರಿನ ಹೆಸರು ಬಿಟ್ಟಿಲ್ಲ. ಒಂದರಲ್ಲೂ ಬಿಟ್ಟಿಲ್ಲ. ಅವರಿಗೆ ಬೇಕಾಗಿರುವುದೂ ಅದೇ.”

ಸಾಹೇಬರು ಹೂಜಿಯನ್ನು ಬೆಳಕಿಗೆ ತಿರುಗಿಸಿ ಓದಿದರು. ನಗಲಿಲ್ಲ. ತಿಳಿಸುತ್ತೇವೆ ಎಂದರು. ಹೂಜಿ ಅಲ್ಲೇ ಉಳಿಯಿತು.

ಮನೆಯಲ್ಲಿ ಹೆಂಡತಿ ಬೀಬಿಜಾನಳಿಗೆ ಎಲ್ಲ ಹೇಳಿದೆ. ಅವಳಿಗೆ ಸಿಟ್ಟು — ಖಾಲಿ ಹೂಜಿ ಒಯ್ದದ್ದಕ್ಕೆ. ನೀರು ತುಂಬಿಟ್ಟಿದ್ದರೆ ಸಾಹೇಬರು ಕುಡಿದು ಅಲ್ಲೇ ರುಜು ಹಾಕುತ್ತಿದ್ದರಂತೆ.

೨೬ ಫೆಬ್ರವರಿ

ಒಪ್ಪಿಗೆ ಬಂತು. ಊರಿನ ಹೆಸರು ಕಡ್ಡಾಯ ಎಂಬ ಷರತ್ತು. ಮುಂದೆ ಹೀಗೆ ಅವಸರ ಮಾಡಬಾರದೆಂದು ಸಂಘಕ್ಕೊಂದು ಎಚ್ಚರಿಕೆ.

ತಂತಿ ವಿಳಾಸಗಳ ರಿಜಿಸ್ಟರಿನ ಮೊದಲ ಸಾಲು ನನ್ನ ಅಕ್ಷರದಲ್ಲಿ. ಪೇಪರಿನಲ್ಲಿ ಬರುವಂಥ ಸುದ್ದಿಯಲ್ಲ. ಆದರೂ ಇವತ್ತಿನ ಪೇಪರ್ ಮಡಚಿ ಎತ್ತಿಟ್ಟೆ, ತಾರೀಖಿನ ಸಲುವಾಗಿ.

ಸಂಘದವರು ಇಂದೇ ಲಾರಿಯಲ್ಲಿ ಗೋವೆಗೆ ಮಾದರಿ ಕಳಿಸಿದರು. ನೋಡಿದವರು ತಂತಿ ಹೊಡೆಯಬೇಕು.

೭ ಮಾರ್ಚ್

ಏನೂ ಇಲ್ಲ. ಈರಣ್ಣ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಕೇಳುವುದಿಲ್ಲ. ಹೋಗುತ್ತಾನೆ.

೧೪ ಮಾರ್ಚ್, ಬುಧವಾರ, ಮಧ್ಯಾಹ್ನ

ಬಂತು. ಮಡಗಾಂವಿನ ಹೋಟೆಲಿನಿಂದ. ಇದ್ದಷ್ಟೂ ಹೂಜಿ ಕಳಿಸಿರಿ ಎಂದು. ಬರೆದುಕೊಂಡದ್ದನ್ನು ಎರಡು ಸಲ ಓದಿ ನೋಡಿದೆ.

ಜವಾನನಿಗೆ ಕೊಡಲಿಲ್ಲ. ಅವನನ್ನು ಕೌಂಟರಿಗೆ ಕೂರಿಸಿ ನಾನೇ ಬಿಸಿಲಲ್ಲಿ ನಡೆದೆ. ಅಂಗಳದವರೆಲ್ಲ ಕೆಸರುಗೈಯಲ್ಲೇ ಸುತ್ತ ನಿಂತರು. ಆರ್ಡರ್ ಓದಲು ಶುರು ಮಾಡಿದೆ. ಶಿವಲಿಂಗವ್ವ ತಡೆದಳು.

“ಅದು ಆಮ್ಯಾಲ. ಮದ್ಲ ಯಾರಿಗೆ ಬಂದೈತಿ ಅದನ್ನ ಓದ್ರಿ.”

“ಹೂಜಿ, ಖಾನಾಪುರ.”

“ಇನ್ನೊಮ್ಮೆ.”

“ಹೂಜಿ, ಖಾನಾಪುರ.”

“ಈರಣ್ಣಾ, ಕೇಳಿದೇನೋ?”

ಅವನು ಬೆನ್ನು ತಿರುಗಿಸಿ ನಿಂತಿದ್ದ. ಯಾರೂ ಅವನನ್ನು ಕರೆಯಲಿಲ್ಲ.

ಈಗ ಆಫೀಸಿನಲ್ಲಿ. ಶರ್ಟಿನ ಮೇಲೆಲ್ಲ ಕೆಂಪು ಬೆರಳಿನ ಗುರುತು — ಯಾರು ತಬ್ಬಿದರೋ ಗೊತ್ತಿಲ್ಲ. ಬೀಬಿಜಾನ ಬಯ್ಯುತ್ತಾಳೆ. ಒಗೆಯಬೇಡ ಎನ್ನಬೇಕು.

ಬೆಳಗಾವಿಯ ಲೈನು ಮತ್ತೆ ಕರೆಯುತ್ತಿದೆ, ಇನ್ನೊಂದು ತಂತಿ. ವಿಳಾಸದ ಮೊದಲ ಅಕ್ಷರ ಎಚ್ —