ನಿಮ್ಮಮ್ಮ ಹೇಳಿದ ಸಾಕ್ಷಿ

ಬನಶಂಕರಿ ಎರಡನೇ ಹಂತ
18 ನವೆಂಬರ್ 2025

ಚಿ. ಸಂಗೀತಾಳಿಗೆ ಅಪ್ಪನ ಆಶೀರ್ವಾದಗಳು.

ನೀನು ಬ್ಯಾಂಕಿನ ಕಲಬುರಗಿ ಬ್ರಾಂಚಿಗೆ ಹೋದಮೇಲೆ ಪತ್ರ ಬರೆಯುತ್ತೇನೆಂದು ಹೇಳಿ ನಾಲ್ಕು ತಿಂಗಳಾಯಿತು. ಬೇಜಾರು ಮಾಡಿಕೊಳ್ಳಬೇಡ. ದಿನಾ ಫೋನಿನಲ್ಲಿ ಮಾತಾಡುತ್ತೇವೆ ನಿಜ, ಆದರೆ ಊಟ ಆಯ್ತಾ, ಬಿಸಿಲು ಹೇಗಿದೆ ಎಂಬಲ್ಲಿಗೇ ಮಾತು ಮುಗಿದುಹೋಗುತ್ತದೆ.

ಆಮೆ ಕೇಸಿನ ತೀರ್ಪು ಕಳೆದ ಬುಧವಾರ ಬಂತು ಮಗಳೇ. ನಾಲ್ವರಿಗೂ ಶಿಕ್ಷೆಯಾಗಿದೆ. ಅವರ ಮುಖ್ಯಸ್ಥನಿಗೆ ಐದು ವರ್ಷ.

ಎರಡು ವರ್ಷದ ಹಿಂದೆ ಅಂಜನಾಪುರದಲ್ಲಿ ನಿಮ್ಮಮ್ಮನ ಟೈಲರಿಂಗ್ ಅಂಗಡಿಯ ಮೇಲಿನ ಮನೆಗೆ ಅರಣ್ಯ ಇಲಾಖೆಯವರು ನುಗ್ಗಿದ್ದು ನಿನಗೆ ಗೊತ್ತಲ್ಲ. ಅಲ್ಲಿದ್ದವರು ನಕ್ಷತ್ರ ಆಮೆಗಳನ್ನು ಒಂದೊಂದಾಗಿ ಕಾಲುಚೀಲದಲ್ಲಿ ತುರುಕಿ ಸೂಟ್‌ಕೇಸುಗಳಲ್ಲಿ ಜೋಡಿಸಿಟ್ಟಿದ್ದರು. ಹೊಲಗಳಲ್ಲಿ ಹಿಡಿಯುವವರು ಬೇರೆ, ಇಲ್ಲಿ ಕೂಡಿಡುವವರು ಬೇರೆ, ವಿಮಾನ ಹತ್ತಿಸುವವರು ಬೇರೆ. ಸಿಕ್ಕಿದ್ದನ್ನೆಲ್ಲ ಎಣಿಸಿ ಬರೆದ ಮಹಜರಿಗೆ ಸ್ಥಳೀಯರಿಬ್ಬರ ಸಹಿ ಬೇಕೆಂದಾಗ ನಿಮ್ಮಮ್ಮನೂ ಎದುರಿನ ಟೀ ಅಂಗಡಿಯ ಯಲ್ಲಯ್ಯನೂ ಹಾಕಿದ್ದರು. ಆಗ ಅದೊಂದು ಸಹಿ ಅಷ್ಟೇ ಅಂದುಕೊಂಡಿದ್ದೆವು.

ಆಮೇಲೆ ಆರೋಪಿಗಳ ಕಡೆಯವನೊಬ್ಬ ಅಂಗಡಿಗೆ ಬಂದು, "ಯಾಕಕ್ಕಾ ಸುಮ್ನೆ ಕೋರ್ಟು ಗೀರ್ಟು ಅಂತ ಅಲೀತೀರಾ?" ಅಂದನಂತೆ. ನಿಮ್ಮಮ್ಮ ಕತ್ತರಿ ಕೆಳಗಿಡದೆ, "ಬ್ಲೌಸ್ ಹೊಲಿಸೋಕೆ ಬಂದಿದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಬೆಳಕು ಬಿಡಿ," ಅಂದಳಂತೆ.

ಸಾಕ್ಷಿಯ ದಿನ ನಾನು ಕೋರ್ಟಿನಲ್ಲಿರಲಿಲ್ಲ. ದಾಳಿ ಮಾಡಿದ ಅಧಿಕಾರಿ ಶಶಿಕಾಂತ್ ಮೊನ್ನೆ ಮನೆಗೆ ಬಂದು ಎಲ್ಲ ಹೇಳಿದರು. ಮೊದಲು ಯಲ್ಲಯ್ಯ ನಿಂತು, "ಏನೂ ನೆನಪಿಲ್ಲ ಸ್ವಾಮಿ" ಅಂದುಬಿಟ್ಟನಂತೆ. ಉಳಿದವಳು ನಿಮ್ಮಮ್ಮ ಒಬ್ಬಳೇ.

ಆರೋಪಿಗಳ ವಕೀಲರು ಜೋರಾಗಿ, "ಖಾಲಿ ಪೇಪರ್ ಮೇಲೆ ಸೈನ್ ಹಾಕಿಸ್ಕೊಂಡ್ರು, ಅಲ್ವೇನಮ್ಮ?" ಎಂದು ಕೇಳಿದರು.

"ಇಲ್ಲ ಸಾರ್. ಅವರು ಮುನ್ನೂರ ಹನ್ನೊಂದು ಅಂತ ಬರೆದಿದ್ರು. ನಾನೂ ಎಣಿಸ್ತಿದ್ದೆ, ಮುನ್ನೂರ ಹನ್ನೆರಡು ಇತ್ತು. ಒಂದು ಕಾಲುಚೀಲದಲ್ಲಿ ಎರಡು ಮರಿ ಇದ್ವು. ತಿದ್ದಿಸಿ, ಪಕ್ಕದಲ್ಲೇ ನನ್ನ ಸಹಿ ಹಾಕಿದೀನಿ. ಖಾಲಿ ಹಾಳೇಲಿ ಏನನ್ನ ತಿದ್ದಿಸ್ಲಿ ಸಾರ್?"

ನ್ಯಾಯಾಧೀಶರು ಕಡತ ತರಿಸಿ ನೋಡಿದರು. ತಿದ್ದುಪಡಿ ಇತ್ತು, ಪಕ್ಕದಲ್ಲಿ ಉಮಾಮಹೇಶ್ವರಿ ಎಂಬ ಸಹಿಯೂ ಇತ್ತು. ವಕೀಲರು ಕೂತುಬಿಟ್ಟರಂತೆ.

"ಸಾರ್, ವನ್ಯಜೀವಿ ಕಾಯ್ದೆ ಎಷ್ಟೇ ಗಟ್ಟಿ ಇದ್ರೂ, ಸಾಕ್ಷಿಗಳು ಜಾರ್ಕೊಂಡ್ರೆ ಕೇಸ್ ನಿಲ್ಲಲ್ಲ. ಇದು ನಿಂತಿದ್ದು ಮೇಡಂ ಇಂದ," ಎಂದು ಹೇಳುವಾಗ ಶಶಿಕಾಂತ್ ಎದ್ದು ನಿಂತಿದ್ದರು. ನಿಮ್ಮಮ್ಮ ಅಡುಗೆಮನೆಯಿಂದಲೇ, "ಕಾಫಿಗೆ ಸಕ್ಕರೆ ಎಷ್ಟು?" ಎಂದು ಕೂಗಿದಳು! ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಸಂಗೀತಾ. ನನ್ನ ಎದೆ ಉಬ್ಬಿಹೋಯಿತು. ಬದುಕಿದ್ದ ಆಮೆಗಳನ್ನು ಕಾಡಂಚಿಗೆ ಬಿಟ್ಟರಂತೆ.

ನಿನಗೂ ಅವಳ ಧೈರ್ಯ ಬರಲಿ. ಬಿಸಿಲಲ್ಲಿ ಓಡಾಡಬೇಡ, ವೇಳೆಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಕರಿಬಸವಯ್ಯ

ಮರೆತೆ ಎನ್ನಲಾರೆ, ಮೇಲೆ ಬರೆಯುವ ಧೈರ್ಯವಾಗಲಿಲ್ಲ: ಅಂಗಡಿಗೆ ಬಂದಿದ್ದ ಆ ಮನುಷ್ಯ ನನ್ನ ಹತ್ತಿರವೂ ಬಂದಿದ್ದ. ನಿನ್ನ ಹೆಸರು, ನಿನ್ನ ಬ್ರಾಂಚು ಎಲ್ಲ ಹೇಳಿದ. ಮಾರನೆಯ ವಾರ ನಿಮ್ಮಮ್ಮನ ಹೆಸರಿನ ಸಮನ್ಸ್ ಬಂದದ್ದು ನನ್ನ ಕೈಗೆ. ಬೀರುವಿನಲ್ಲಿ ನನ್ನ ಪಂಚೆಗಳ ಕೆಳಗೆ ಮುಚ್ಚಿಟ್ಟೆ. "ಡೇಟ್ ಏನಾದ್ರೂ ಬಂತೇನ್ರೀ?" ಎಂದು ಅವಳು ಕೇಳಿದಾಗ ಇಲ್ಲವೆಂದೆ. ಶಶಿಕಾಂತ್ ಅವಳಿಗೇ ಫೋನ್ ಮಾಡಿದ್ದರೆಂದು ನನಗೇನು ಗೊತ್ತು? ಸಾಕ್ಷಿಯ ದಿನ ಬೆಳಿಗ್ಗೆ ಒಬ್ಬಳೇ ಬಸ್ ಹತ್ತಿ ಹೋದಳು. ಸಂಜೆ ನೋಡಿದರೆ ಬೀರುವಿನಲ್ಲಿ ಆ ಕಾಗದ ಇರಲಿಲ್ಲ. ಮೂರು ತಿಂಗಳಾಯಿತು, ಯಾಕೆ ಹಾಗೆ ಮಾಡಿದಿರಿ ಎಂದು ಅವಳು ಇವತ್ತಿಗೂ ಕೇಳಿಲ್ಲ. ಒಮ್ಮೆ ಕೇಳಿಬಿಡಬಾರದೇ ಎಂದು ದಿನಾ ಅವಳ ಮುಖ ನೋಡುತ್ತೇನೆ.